ಒಂದೇ ಕೈಬರಹದ ಶಾಲೆ

ಪುಸ್ತಕವನ್ನು ಚೀಲಕ್ಕೆ ಹಾಕಿದ ಟೀಚರ್ ಅದನ್ನು ಹೊರಗೆ ತೆಗೆದು ಮೇಜಿನ ಮೇಲಿಟ್ಟರು, ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು, ಮತ್ತೆ ಚೀಲಕ್ಕೆ ಹಾಕಿದರು. ಬೆಳಗ್ಗೆಯಿಂದ ಇದು ಮೂರನೆಯ ಸಲ. ದಪ್ಪ ರಟ್ಟಿನ, ನುಣುಪು ಕಾಗದದ ಪುಸ್ತಕ; ಮುಖಪುಟದಲ್ಲಿ ಶಾಲೆಯ ಗಂಟೆಗೋಪುರ, ಅದರ ಕೆಳಗೆ ‘ನೂರು ವರ್ಷದ ಬೆಳಕು’ ಎಂಬ ಶೀರ್ಷಿಕೆ, ಅದರ ಕೆಳಗೆ ಬರೆದವರು ಎಂದು ಅವರದೇ ಹೆಸರು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ತನ್ನ ಹೆಸರನ್ನು ಅಚ್ಚಿನಲ್ಲಿ ಕಂಡ ಹೆಂಗಸು ಅದನ್ನು ಓಣಿಯವರಿಗೆಲ್ಲ ತೋರಿಸಿಕೊಂಡು ತಿರುಗಬೇಕಿತ್ತು. ಇವರು ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ತೀರಿಕೊಂಡ ಅಣ್ಣನ ಹೆಂಡತಿ, ಇಪ್ಪತ್ತು ವರ್ಷದಿಂದ ಒಂದೇ ಸೂರಿನಡಿ ಇದ್ದು ಇವರ ನಾಡಿ ಬಲ್ಲವರು, ಅದೇನೇ ಪುಸ್ತಕವೋ ಬೆಕ್ಕಿನ ಮರಿಯೋ, ಉಸಿರು ಕಟ್ಟುತ್ತೆ ಅಂತ ಗಳಿಗೆಗೊಂದು ಸಲ ಹೊರಗೆ ತೆಗೀತಿದೀಯಲ್ಲ ಎಂದರು. ಟೀಚರಿಗೆ ನಗು ಬರಲಿಲ್ಲ. ಟೈಲರಮ್ಮನಿಗೆ ಕೊಟ್ಟು ಬರ್ತೀನಿ ಎಂದರು. ಅತ್ತಿಗೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬರುವಾಗ ಬೆಂಕಿಪೊಟ್ಟಣ ತರಬೇಕೆಂದು ಹೇಳಿ ಒಳಗೆ ಹೋದರು.

ಬಿಸಿಲು ಏರಿತ್ತು. ಟೈಲರಮ್ಮನ ಅಂಗಡಿ ದೂರವೇನಲ್ಲ. ಓಣಿ ಮುಗಿಸಿ, ಅಂಚೆ ಕಚೇರಿ ದಾಟಿ, ಚರ್ಚಿನ ಗೋಡೆಗುಂಟ ನಡೆದರೆ ಹತ್ತು ನಿಮಿಷ. ಅವಳು ಅಲ್ಲಿ ಅಂಗಡಿಯಿಟ್ಟು ಮೂವತ್ತು ವರ್ಷವಾಗಿದೆ, ಶಾಲೆಯ ಯೂನಿಫಾರ್ಮು ಅವಳೇ ಹೊಲಿಯುವುದು. ಆ ಮೂವತ್ತು ವರ್ಷವೂ ಟೀಚರ್ ಅವಳ ಅಂಗಡಿ ಬರುವಷ್ಟರಲ್ಲಿ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಆಚೆ ಬದಿಯಲ್ಲಿ ನೆರಳಿದೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಸಂಜೆ ಹೊತ್ತು ನೆರಳು ಈಚೆ ಬದಿಗೆ ಬಂದಾಗಲೂ ದಾಟುತ್ತಿದ್ದರು.

ಅಂಚೆ ಕಚೇರಿಯ ಕಿಟಕಿಯ ಹತ್ತಿರ ಕಾಲು ತಾನಾಗಿ ನಿಧಾನವಾಯಿತು. ಹಿಂದೆ ಇಲ್ಲೊಬ್ಬ ಅಂಚೆಯವನಿದ್ದ, ಲಕೋಟೆ ಕೈಗೆ ಬಂದ ಕೂಡಲೇ ವಿಳಾಸ ಓದುವ ಮೊದಲು ‘ಸಿಸ್ಟರ್ ಶಾಲೆ ಹುಡುಗಿ ಬರೆದದ್ದು’ ಎನ್ನುತ್ತಿದ್ದ. ಊರಿನಲ್ಲಿ ಯಾರಿಗಾದರೂ ಅದು ಗೊತ್ತಾಗುತ್ತಿತ್ತು. ಚರ್ಚಿನ ಹಿಂದಿನ ಕುದುರೆ ಲಾಯದಲ್ಲಿ ಏಳು ಹುಡುಗಿಯರನ್ನು ಕೂರಿಸಿಕೊಂಡು ಶಾಲೆ ಶುರುಮಾಡಿದ ಮೊದಲ ಮದರ್ ಗೋಡೆಗೆ ಸುಣ್ಣ ಬಳಿಸುವ ಮೊದಲೇ ಒಂದು ಅಕ್ಷರಮಾಲೆ ಬರೆದು ತೂಗುಹಾಕಿದ್ದರಂತೆ. ಕೈ ನೆಟ್ಟಗಿದ್ದರೆ ಮನಸ್ಸೂ ನೆಟ್ಟಗಿರುತ್ತದೆ ಎಂಬುದು ಅವರ ನಂಬಿಕೆ. ಹುಡುಗಿಯರು ಎರಡು ವರ್ಷ ಸ್ಲೇಟಿನ ಮೇಲೆ, ಮತ್ತೆರಡು ವರ್ಷ ಪೆನ್ಸಿಲಿನಲ್ಲಿ, ಆಮೇಲೆ ಶಾಯಿಯಲ್ಲಿ ಅದೇ ಅಕ್ಷರವನ್ನು ತಿದ್ದಬೇಕು. ಅದೇ ಓರೆ, ಅದೇ ಅಂತರ, ಅದೇ ದುಂಡು. ತಿದ್ದಿ ತಿದ್ದಿ ಕೊನೆಗೆ ಮಾಂಸದಂಗಡಿಯವನ ಮಗಳಿಗೂ ತಹಶೀಲ್ದಾರನ ಮಗಳಿಗೂ ಬರೆದಾಗ ವ್ಯತ್ಯಾಸವಿರಕೂಡದು. ಇದನ್ನೆಲ್ಲ ಟೀಚರ್ ಪುಸ್ತಕದ ಎರಡನೆಯ ಅಧ್ಯಾಯದಲ್ಲಿ ಚೆನ್ನಾಗಿಯೇ ಬರೆದಿದ್ದರು. ಜ್ವರ ಹಬ್ಬಿದ ವರ್ಷ ತರಗತಿಗಳು ಆಸ್ಪತ್ರೆಯಾದದ್ದು, ಸಿಸ್ಟರುಗಳು ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದ್ದು, ಬಿರುಗಾಳಿಗೆ ಮಾಡು ಹಾರಿದ ವರ್ಷ ಆರು ತಿಂಗಳು ಚರ್ಚಿನೊಳಗೇ ಗಣಿತ ಹೇಳಿಕೊಟ್ಟಿದ್ದು, ಎಲ್ಲ ಬರೆದಿದ್ದರು. ಆರು ವರ್ಷದ ಹುಡುಗಿಯಾಗಿ ಆ ಗೇಟು ಹೊಕ್ಕವರು ಅಲ್ಲೇ ಕಲಿತು, ಅಲ್ಲೇ ಕಲಿಸಿ, ಅರವತ್ತಕ್ಕೆ ಹೊರಬಂದಿದ್ದರು. ಕೈಬರಹ ಕಲಿಸುವುದು ಅವರ ಕೆಲಸ. ಊರಿಗೆಲ್ಲ ಅವರು ಅಕ್ಷರದ ಟೀಚರ್. ಶಾಲೆಯ ಚರಿತ್ರೆ ಬರೆಯಲು ಇವರನ್ನು ಬಿಟ್ಟರೆ ಬೇರೆ ಯಾರಿದ್ದಾರೆ ಎಂದು ಈಗಿನ ಹೆಡ್ ಸಿಸ್ಟರ್ ಮನೆಗೇ ಬಂದು ಕೇಳಿದ್ದರು.

ನಲವತ್ತೊಂದು ವರ್ಷದ ಹಿಂದಿನ ಆ ದಿನವೂ ಹೀಗೇ ಬಿಸಿಲಿತ್ತು, ಆಗ ಅವರಿಗೆ ಮೂವತ್ತಮೂರು. ಶಾಲೆಯ ಆಯಾ ಬಂದು ದೊಡ್ಡ ಮದರ್ ಕರೀತಿದ್ದಾರೆ ಎಂದಾಗ ಕೈಗೆ ಅಂಟಿದ ಸೀಮೆಸುಣ್ಣ ಕೂಡ ತೊಳೆದುಕೊಳ್ಳದೆ ಹೋಗಿದ್ದರು. ದೊಡ್ಡ ಮದರ್ ಎಂದರೆ ಶಾಲೆಯ ಆಗಿನ ಮುಖ್ಯಸ್ಥೆ. ಅವರ ಮೇಜಿನ ಮೇಲೆ ಒಂದು ಚೀಟಿ. ಪ್ರಾರ್ಥನಾ ಗೀತೆಗಳ ಪುಸ್ತಕದೊಳಗೆ ಸಿಕ್ಕಿದ್ದಂತೆ. ಭಾನುವಾರ ಪೂಜೆ ಮುಗಿದ ಮೇಲೆ ಗೋಪುರದ ಹಿಂದೆ ಬಾ, ಹೋದ ವಾರದ ಹಾಗೆ ಕಾಯಿಸಬೇಡ ಎಂದು ನಾಲ್ಕು ಸಾಲು. ಹೆಸರಿಲ್ಲ. ಕೊನೆಯ ತರಗತಿಯ ಪುಸ್ತಕವಾದ್ದರಿಂದ ಹನ್ನೆರಡು ಹುಡುಗಿಯರಲ್ಲಿ ಒಬ್ಬಳು ಬರೆದಿರಬೇಕು. ದೊಡ್ಡ ಮದರ್ ಚೀಟಿಯನ್ನು ಇವರ ಕಡೆ ಸರಿಸಿ, ಈ ಕೈಗಳನ್ನೆಲ್ಲ ಹಿಡಿದು ತಿದ್ದಿಸಿದವರು ನೀವು, ನಿಮಗೆ ತಿಳಿಯದೆ ಇನ್ಯಾರಿಗೆ ತಿಳಿಯಬೇಕು ಎಂದರು. ಗೊತ್ತಾಗುವುದಿಲ್ಲ ಮದರ್ ಎಂದು ಹೇಳಬೇಕಿತ್ತು. ಸತ್ಯವೂ ಅದೇ ಆಗಿತ್ತು. ಹನ್ನೆರಡು ಕೈಗಳೂ ಒಂದೇ ಆಗಲಿ ಎಂದು ಹತ್ತು ವರ್ಷ ಬೆವರು ಸುರಿಸಿದವರು ಇವರೇ. ಅದು ಆಗಿತ್ತು, ಎದುರಿಗಿದ್ದ ಚೀಟಿ ಅದಕ್ಕೆ ಸಾಕ್ಷಿ. ಆದರೆ ಗೊತ್ತಾಗುವುದಿಲ್ಲ ಎಂಬ ಮಾತನ್ನು ಇಡೀ ಶಾಲೆಯಲ್ಲಿ ಅಕ್ಷರದ ವಿಷಯಕ್ಕೆ ಅವರ ಬಾಯಿಂದ ಯಾರೂ ಕೇಳಿರಲಿಲ್ಲ. ದೊಡ್ಡ ಮದರ್ ಕಾಯುತ್ತಿದ್ದರು. ಟೀಚರ್ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದುಮಾಡಿ, ಸಾಲಿನಿಂದ ಸಾಲಿಗೆ ಬೆರಳಾಡಿಸಿ, ಒಂದು ಹೆಸರು ಹೇಳಿದರು.

ಆ ಹೆಸರೇ ಯಾಕೆ ಬಾಯಿಗೆ ಬಂತು? ನಲವತ್ತೊಂದು ವರ್ಷದಲ್ಲಿ ಇದಕ್ಕೆ ಅವರು ಬಗೆಬಗೆಯ ಉತ್ತರ ಕೊಟ್ಟುಕೊಂಡಿದ್ದರು. ಅವಳ ತಾಯಿ ಚರ್ಚಿನ ಬಟ್ಟೆ ಒಗೆಯುವವಳು, ಜಗಳಕ್ಕೆ ಬರುವ ಅಪ್ಪ ಚಿಕ್ಕಪ್ಪ ಇಲ್ಲದ ಮನೆ, ಹೀಗಾಗಿ ಎಂಬುದು ಒಂದು. ಅವತ್ತು ಬೆಳಗ್ಗೆ ಅವಳು ಹಾಜರಿ ಕೂಗುವಾಗ ಕಿಸಕ್ಕನೆ ನಕ್ಕಿದ್ದಳು ಎಂಬುದು ಇನ್ನೊಂದು. ಇವೆರಡನ್ನೂ ಒಪ್ಪಿಕೊಂಡರೆ ಅವಮಾನವಾಗುತ್ತಿತ್ತು, ಆದರೂ ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಳ್ಳಲಾಗದೆ ಉಳಿದದ್ದು ಮೂರನೆಯದು: ಆ ಹುಡುಗಿ ತಮಗಿಂತ ಚೆನ್ನಾಗಿ ಬರೆಯುತ್ತಿದ್ದಳು. ಅದೇ ಓರೆ, ಅದೇ ದುಂಡು, ಆದರೆ ಅವಳು ಬರೆದದ್ದನ್ನು ನೋಡಿದರೆ ಕಣ್ಣು ತಣ್ಣಗಾಗುತ್ತಿತ್ತು. ತಪಾಸಣೆಗೆ ಬಂದ ಅಧಿಕಾರಿ ಒಮ್ಮೆ ಅವಳ ನೋಟುಬುಕ್ಕು ಎತ್ತಿಕೊಂಡು, ಇದು ಟೀಚರದ್ದಾ ಎಂದು ಕೇಳಿದ್ದ. ಎಲ್ಲರೂ ನಕ್ಕಿದ್ದರು, ಇವರೂ ನಕ್ಕಿದ್ದರು. ಅಷ್ಟು ಚೆಂದದ ಕೈ ಆ ಗೀಚಿದ ಚೀಟಿ ಬರೆದಿರಲು ಸಾಧ್ಯವೇ ಇಲ್ಲವೆಂಬುದು ಕಿಟಕಿಯ ಹತ್ತಿರ ನಿಂತಾಗಲೇ ಹೊಳೆದಿತ್ತು. ಅವಸರದಲ್ಲಿ ಬರೆದಿದ್ದಾಳೆ ಮದರ್, ಅದಕ್ಕೇ ಹೀಗಿದೆ ಎಂದುಬಿಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನ ಅವಳ ತಾಯಿ ಒಗೆದ ಬಟ್ಟೆಯ ಗಂಟನ್ನು ಚರ್ಚಿನ ಮೆಟ್ಟಿಲ ಮೇಲಿಟ್ಟು, ಮಗಳ ಕೈಹಿಡಿದುಕೊಂಡು ಗೇಟು ದಾಟಿದಳು. ಪರೀಕ್ಷೆಗೆ ಎರಡು ತಿಂಗಳಿತ್ತು. ದಾಖಲೆ ಪುಸ್ತಕದಲ್ಲಿ ಹುಡುಗಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ‘ನಡತೆಯ ಕಾರಣ ಶಾಲೆಯಿಂದ ಕಳಿಸಲಾಗಿದೆ’ ಎಂದು ಬರೆಯುವ ಕೆಲಸವೂ ಇವರಿಗೇ ಬಂತು. ದಾಖಲೆಗಳನ್ನೆಲ್ಲ ಬರೆಯುತ್ತಿದ್ದದ್ದು ಅವರೇ, ಅಕ್ಷರ ಚೆನ್ನಾಗಿದೆಯೆಂದು.

ತಿಂಗಳೊಪ್ಪತ್ತಿನಲ್ಲಿ ನಿಜ ಗೊತ್ತಾಯಿತು. ಅದೇ ತರಗತಿಯಲ್ಲಿದ್ದ ಊರಿನ ಡಾಕ್ಟರ ಮಗಳು ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿಯಲ್ಲಿ ಬರೆದ ಹಾಳೆಗಳನ್ನು ತಿದ್ದುತ್ತಿದ್ದಾಗ, ಸಾಲಿನ ಕೊನೆಗೆ ಬಂದಂತೆ ಅಕ್ಷರಗಳು ಕೆಳಗಿಳಿಯುತ್ತಿದ್ದವು, ಪ್ರತಿ ಪುಟದಲ್ಲೂ, ಆ ಚೀಟಿಯ ನಾಲ್ಕೂ ಸಾಲಿನ ಹಾಗೆಯೇ. ಟೀಚರ್ ಹಾಳೆಗಳನ್ನು ಒಟ್ಟುಮಾಡಿ ದಾರ ಕಟ್ಟಿದರು. ಎದ್ದು ದೊಡ್ಡ ಮದರ್ ಕೋಣೆಯವರೆಗೂ ಹೋದರು. ಬಾಗಿಲು ತೆರೆದೇ ಇತ್ತು. ಏನು ಟೀಚರ್ ಎಂದು ದೊಡ್ಡ ಮದರ್ ಕೇಳಿದಾಗ, ಕೆಂಪು ಶಾಯಿ ಮುಗಿದಿದೆ ಎಂದರು. ಅತ್ತಿಗೆ ಒಮ್ಮೊಮ್ಮೆ ಪಕ್ಕದ ಮನೆಯ ಜಗಳಗಳನ್ನು ವರದಿ ಮಾಡುತ್ತ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ ಎಂದಾಗ ಟೀಚರಿಗೆ ಊಟ ಸೇರುತ್ತಿರಲಿಲ್ಲ. ಡಾಕ್ಟರ ಮಗಳು ಈಗ ಮೊಮ್ಮಕ್ಕಳನ್ನು ಕಂಡವಳು. ಶಾಲೆ ನನಗೆ ಶಿಸ್ತು ಕಲಿಸಿತು ಎಂದು ಅವಳು ಬರೆದು ಕಳಿಸಿದ ನೆನಪುಗಳು ಪುಸ್ತಕದ ನಲವತ್ತನೆಯ ಪುಟದಲ್ಲಿ, ಫೋಟೋ ಸಮೇತ ಅಚ್ಚಾಗಿವೆ.

ಚರ್ಚಿನ ಗೋಡೆ ಶುರುವಾಯಿತು. ಒಳಗೆ ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ಮೂರು ತಿಂಗಳ ಹಿಂದೆ, ದಾಖಲೆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಗ್ರಂಥಾಲಯದ ಮೂಲೆಯಲ್ಲಿ ಚರಿತ್ರೆ ಬರೆಯುತ್ತಿದ್ದಾಗ ಆ ಕೆಂಪು ಗೆರೆಯ ಪುಟ ಬಂದಿತ್ತು. ಗೆರೆ ಒಂದಿಷ್ಟೂ ಅಲುಗಾಡಿರಲಿಲ್ಲ. ಇಷ್ಟು ನೆಟ್ಟಗೆ ಹೇಗೆ ಎಳೆದೆ ಎಂದು ಯೋಚಿಸುತ್ತ ಕೂತರು. ಅವತ್ತು ಮಧ್ಯಾಹ್ನ ಒಂದು ದಿಂಬಿನ ಗವಸು ಹೊಲಿಸುವ ನೆಪ ಮಾಡಿಕೊಂಡು, ರಸ್ತೆ ದಾಟದೆ, ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದರು. ಟೈಲರಮ್ಮ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆಗೆ ಗುರುತು ಹಾಕುತ್ತಿದ್ದಳು. ಆ ಹುಡುಗಿ ಈಗ ಐವತ್ತಾರು ವರ್ಷದ ದಪ್ಪ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಟೀಚರ್ ಗವಸಿನ ಮಾತೆತ್ತದೆ, ನಿಂತಲ್ಲೇ, ಎಲ್ಲವನ್ನೂ ಹೇಳಿಬಿಟ್ಟರು. ಗೊತ್ತಿಲ್ಲದೆ ಹೇಳಿದ್ದು, ಗೊತ್ತಾದ ಮೇಲೂ ಹೇಳದೆ ಉಳಿದದ್ದು. ಇದನ್ನು ಪುಸ್ತಕದಲ್ಲಿ ಬರೀತೀನಿ ಎಂದೂ ಹೇಳಿದರು. ಆಗ ತಮ್ಮ ದನಿಯಲ್ಲಿ ಒಂದು ಬಗೆಯ ಸುಖವಿದ್ದದ್ದು ನೆನಪಾದರೆ ಈಗಲೂ ಮೈ ಮುದುಡುತ್ತದೆ.

ಟೈಲರಮ್ಮ ಗುಂಡುಪಿನ್ನುಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದಳು. ಅಳಲಿಲ್ಲ, ಬೈಯಲಿಲ್ಲ.

“ಬರೀಬೇಡಿ ಟೀಚರ್” ಎಂದಳು. “ನನ್ನ ಸೊಸೆ ಓದ್ಕೊಂಡವಳು. ಅವರ ಮನೇಲಿ ಎಲ್ಲಾ ಮೇಷ್ಟ್ರುಗಳೇ. ನಮ್ಮತ್ತೆ ಸಿಸ್ಟರ್ ಶಾಲೇಲಿ ಪೂರ್ತಿ ಓದಿದವರು ಅಂತ ಎಲ್ಲರ ಹತ್ರ ಹೇಳ್ಕೊಂಡು ಬರ್ತಾಳೆ. ನನ್ನ ಗಂಡನೂ ಹಂಗೇ ಅನ್ಕೊಂಡೇ ಸತ್ತ. ನೀವು ಸತ್ಯ ಬರೆದ್ರೆ ನಿಮಗೆ ನಿದ್ದೆ ಬರುತ್ತೆ, ನನ್ನ ಗತಿ?”

ಟೈಲರಮ್ಮ ಬಟ್ಟೆಯನ್ನು ಮಡಿಚಿದಳು, ಬಿಚ್ಚಿದಳು. ಪುಸ್ತಕದ ಕೊನೆಯಲ್ಲಿ ವರ್ಷಾವಾರು ಪಾಸಾದವರ ಪಟ್ಟಿ ಬರುತ್ತದಂತೆ, ಹೌದಾ ಎಂದು ಕೇಳಿದಳು. ಹೌದೆಂದರು. “ಹಾಗಿದ್ರೆ ಅದರಲ್ಲಿ ನನ್ನದೊಂದು ಹೆಸರು ಸೇರಿಸಿಬಿಡಿ. ನೀವು ಕಿತ್ಕೊಂಡಿದ್ದನ್ನೇ ಕೇಳ್ತಿರೋದು, ಜಾಸ್ತಿ ಏನೂ ಅಲ್ಲ.”

ಸೇರಿಸಿದರು. ಆ ವರ್ಷದ ಹನ್ನೊಂದು ಹೆಸರುಗಳ ನಡುವೆ, ಏಳನೆಯದಕ್ಕೂ ಎಂಟನೆಯದಕ್ಕೂ ಮಧ್ಯೆ, ತಮ್ಮ ಅತ್ಯುತ್ತಮ ಕೈಯಲ್ಲಿ ಬರೆದರು. ಅದನ್ನು ಬರೆದ ದಿನ ಮನೆಗೆ ಬಂದು ಅತ್ತಿಗೆ ಬಡಿಸಿದ್ದನ್ನೆಲ್ಲ ಉಂಡರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಜನ ಆಸೆಪಡುವುದು ಸುಮ್ಮನಲ್ಲ. ಆದರೆ ಹೆಡ್ ಸಿಸ್ಟರ್ ಅಚ್ಚುಕಟ್ಟಿನ ಹೆಂಗಸು. ಅಚ್ಚಿಗೆ ಕಳಿಸುವ ಮೊದಲು ಪಟ್ಟಿಯನ್ನು ದಾಖಲೆ ಪುಸ್ತಕದ ಜೊತೆ ಹೆಸರು ಹೆಸರಿಗೆ ಹೋಲಿಸಿದರಂತೆ, ಎರಡು ದಿನ ಊಟದ ಬಿಡುವಿನಲ್ಲಿ ಕೂತು. ಇವರನ್ನು ಕರೆಸಿ, ಕೂರಿಸಿ, ಒಂದು ಲೋಟ ನೀರು ಕೊಟ್ಟು, ತುಂಬ ಮೃದುವಾಗಿ ಹೇಳಿದರು: ಆ ವರ್ಷದ ಪಟ್ಟಿಯಲ್ಲಿ ಒಂದು ಹೆಸರು ಜಾಸ್ತಿ ಬಂದಿತ್ತು ಟೀಚರ್, ಆ ಹುಡುಗಿಯನ್ನ ಕಳಿಸಿದ್ದರು ಅಂತ ನಿಮ್ಮ ಕೈಬರಹದಲ್ಲೇ ಇದೆ, ವಯಸ್ಸಾದ ಮೇಲೆ ಇದೆಲ್ಲ ಆಗುತ್ತೆ, ನಾನೇ ತೆಗೆದೆ, ನೀವು ಬೇಜಾರು ಮಾಡ್ಕೋಬೇಡಿ. ದಾಖಲೆ ಪುಸ್ತಕ ಮೇಜಿನ ಮೇಲೆ ತೆರೆದಿತ್ತು. ಅಲ್ಲಿ ಬರೆದದ್ದು ಸುಳ್ಳು ಸಿಸ್ಟರ್, ಬರೆದವಳು ನಾನು ಎನ್ನಬೇಕಿತ್ತು. ಬಾಯಿ ತೆರೆದದ್ದೂ ನಿಜ. ಹೆಡ್ ಸಿಸ್ಟರಿಗೆ ಇವರ ಮೇಲಿದ್ದ ಗೌರವ ಆ ಮುಖದಲ್ಲಿ ಎಷ್ಟು ಚೊಕ್ಕಟವಾಗಿ ಕಾಣುತ್ತಿತ್ತೆಂದರೆ ಅದರ ಮೇಲೆ ಕಾಲಿಡಲು ಧೈರ್ಯ ಬರಲಿಲ್ಲ. “ಹೌದು ಸಿಸ್ಟರ್, ಈಚೆಗೆ ಕಣ್ಣು ಮಂಜು” ಎಂದರು. ನೀರು ಕುಡಿದು ಎದ್ದು ಬಂದರು.

ಇವತ್ತಿಗೆ ಪುಸ್ತಕ ಬಿಡುಗಡೆಯಾಗಿ ನಾಲ್ಕು ದಿನ. ಹೆಸರು ಬಂದಿಲ್ಲವೆಂದು ತಾವಾಗಿ ಹೋಗಿ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿಯೇ ಹೊರಟಿದ್ದರು. ಮೆಟ್ಟಿಲು ಹತ್ತುತ್ತ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದರು. ಅಂಗಡಿಯಲ್ಲಿ ಟೈಲರಮ್ಮ ಒಬ್ಬಳೇ ಇರಲಿಲ್ಲ. ಸೊಸೆ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಯೂನಿಫಾರ್ಮಿನ ನಿರಿಗೆಗಳನ್ನು ಒತ್ತುತ್ತಿದ್ದಳು. ಬೊಗಸೆಗಣ್ಣಿನ, ನಗುಮುಖದ ಹುಡುಗಿ. ಟೀಚರನ್ನು ಕಂಡದ್ದೇ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕುರ್ಚಿ ಒರೆಸಿ ಹಾಕಿದಳು. ಪುಸ್ತಕ ತಂದ್ರಾ ಎಂದು ಅವಳೇ ಕೇಳಿದಳು. ಅತ್ತೆ ಎಷ್ಟು ದಿನದಿಂದ ಕಾಯ್ತಿದಾರೆ, ಬಾಯಿಬಿಟ್ಟು ಹೇಳಲ್ಲ ಅಷ್ಟೆ ಎಂದಳು. ಟೀಚರ್ ಟೈಲರಮ್ಮನ ಮುಖ ನೋಡಿದರು. ಅಲ್ಲಿ ಏನೂ ಕಾಣಲಿಲ್ಲ. ಟವೆಲು ಬಿಚ್ಚಿ ಪುಸ್ತಕ ಹೊರಗೆ ತೆಗೆದರು. ತೆಗೆಯದೆ ವಿಧಿಯಿರಲಿಲ್ಲ.

“ನನ್ನ ಕನ್ನಡಕ ಒಳಗಿದೆ” ಎಂದಳು ಟೈಲರಮ್ಮ, ಯಂತ್ರದಿಂದ ಕೈ ತೆಗೆಯದೆ. “ನೀವೇ ಓದಿ ಟೀಚರ್. ನಮ್ಮ ವರ್ಷದ್ದು. ಇವಳೂ ಕೇಳಲಿ.”

ಪುಟ ಸಿಕ್ಕಿತು. ಎರಡು ಅಂಕಣಗಳಲ್ಲಿ ಅಚ್ಚಾದ ಹನ್ನೊಂದು ಹೆಸರುಗಳು. ಟೀಚರ್ ಪುಸ್ತಕವನ್ನು ಎದೆಯ ಹತ್ತಿರ ಎತ್ತಿ ಹಿಡಿದರು, ಪಕ್ಕದಿಂದ ಯಾರಿಗೂ ಕಾಣದ ಹಾಗೆ. ಮೊದಲನೆಯದನ್ನು ಓದಿದರು, ಎರಡನೆಯದನ್ನು ಓದಿದರು. ಆರನೆಯದಕ್ಕೆ ಬಂದಾಗ, ಇನ್ನೂ ಸಮಯವಿದೆ, ಇಲ್ಲಿಗೆ ನಿಲ್ಲಿಸಿ ಹೇಳಿಬಿಡಬಹುದು ಎಂದುಕೊಂಡರು. ಸೊಸೆ ನಿರಿಗೆಯ ಮೇಲೆ ಕೈಯಿಟ್ಟುಕೊಂಡು, ತುಟಿ ಅರೆತೆರೆದು, ಪರೀಕ್ಷೆಯ ಫಲಿತಾಂಶ ಕೇಳುವವಳ ಹಾಗೆ ನಿಂತಿದ್ದಳು. ಏಳನೆಯದು. ಆಮೇಲೆ ಟೀಚರ್ ಟೈಲರಮ್ಮನ ಹೆಸರನ್ನು ಓದಿದರು, ಅಡ್ಡಹೆಸರು ಸಮೇತ, ಅದೇ ದನಿಯಲ್ಲಿ; ಆಮೇಲೆ ಎಂಟನೆಯದು. ಹನ್ನೊಂದೂ ಮುಗಿಯಿತು. ಸೊಸೆಯ ಮುಖ ಅರಳಿತು. ನೋಡಿದ್ರಾ ಅತ್ತೆ, ಅಚ್ಚಿನಲ್ಲಿ ಬಂತು ನಿಮ್ಮ ಹೆಸರು ಎಂದಳು. ಇರಿ ಟೀಚರ್, ಟೀ ಕುಡೀದೆ ಹೋಗೋ ಹಾಗಿಲ್ಲ ಎನ್ನುತ್ತ ಒಳಗೋಡಿದಳು.

ಒಳಗೆ ಪಾತ್ರೆಯ ಸದ್ದಾಗುವವರೆಗೂ ಟೈಲರಮ್ಮ ಕಾದಳು. ಯಂತ್ರದ ಗಾಲಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು. ಮೊನ್ನೆ ಯೂನಿಫಾರ್ಮು ಕೊಡಲು ಶಾಲೆಗೆ ಹೋಗಿದ್ದೆ ಎಂದಳು. ಆಫೀಸಿನ ಮೇಜಿನ ಮೇಲೆ ಈ ಪುಸ್ತಕವಿತ್ತು, ನಿಂತುಕೊಂಡೇ ಆ ಪುಟ ನೋಡಿದೆ ಎಂದಳು. ದನಿ ಏರಲಿಲ್ಲ, ಬಟ್ಟೆಯ ಅಳತೆ ಹೇಳುವಾಗಿನ ದನಿಯೇ.

“ಓದ್ತೀರಾ ಅಂತ ಗೊತ್ತಿತ್ತು ಟೀಚರ್. ಅವತ್ತು ಆ ಚೀಟೀನೂ ಹಿಂಗೇ ಓದಿದ್ರಿ. ಇಲ್ಲದ್ದನ್ನ, ಒಂದು ಚೂರೂ ತಡವರಿಸದೆ.”

ಟೀಚರ್ ಏನೋ ಹೇಳಲು ಹೋದರು. ಹೆಡ್ ಸಿಸ್ಟರ್ ತೆಗೆದುಬಿಟ್ಟರು, ನಾನು ಬರೆದಿದ್ದೆ, ನಿಜವಾಗಿ ಬರೆದಿದ್ದೆ ಎಂಬ ಮಾತುಗಳು ನಾಲಿಗೆಯ ತುದಿಗೆ ಒಂದರ ಹಿಂದೊಂದು ಬಂದವು. ಬರೆದದ್ದು ಅಷ್ಟೇನೂ ದೊಡ್ಡದಲ್ಲ, ತೆಗೆದಾಗ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕಾಗುತ್ತದೆ ಎಂದು ತಿಳಿದು ನುಂಗಿಕೊಂಡರು. ಟೈಲರಮ್ಮನಿಗೆ ಅವರ ಸಮಜಾಯಿಷಿ ಬೇಕಾಗಿರಲಿಲ್ಲ. ಅವಳು ಒಳಬಾಗಿಲ ಕಡೆ ನೋಡಿ, ಪುಸ್ತಕ ಚೀಲಕ್ಕೆ ಹಾಕ್ಕೊಳ್ಳಿ, ಅವಳಿಗೆ ಓದೋಕೆ ಬರುತ್ತೆ ಎಂದಳು. ಟೀಚರ್ ಅವಳು ಹೇಳಿದಂತೆ ಮಾಡಿದರು. ಟವೆಲು ಸುತ್ತದೆ ಹಾಗೇ ತುರುಕಿದರು. ಪುಸ್ತಕದ ಒಂದು ಮೂಲೆ ಹೊರಗೇ ಉಳಿಯಿತು. ಎದ್ದು ಹೊರಟುಬಿಡೋಣವೆಂದರೆ ಟೀ ಬರುವುದಿತ್ತು. ಹಾಗೆ ಎದ್ದುಹೋದರೆ ಸೊಸೆ ಯಾಕೆಂದು ಕೇಳುತ್ತಾಳೆ, ಅದಕ್ಕೂ ಟೈಲರಮ್ಮನೇ ಉತ್ತರ ಹುಡುಕಬೇಕು. ಮೊಣಕಾಲುಗಳನ್ನು ಜೋಡಿಸಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಶಿಕ್ಷೆಗೆ ನಿಲ್ಲಿಸಿದ ಹುಡುಗಿಯರು ಎಷ್ಟೋ ಸಲ ತಮ್ಮೆದುರು ನೋಡುತ್ತಿದ್ದಂತೆ ನೆಲ ನೋಡುತ್ತ ಕೂತರು.

ಸೊಸೆ ಎರಡು ಲೋಟ ಟೀ ತಂದಳು. ಒಂದನ್ನು ಅತ್ತೆಯ ಯಂತ್ರದ ಪಕ್ಕ ಇಟ್ಟಳು, ಇನ್ನೊಂದನ್ನು ಟೀಚರ ಕೈಗೆ ಕೊಟ್ಟಳು. ಲೋಟ ಬಿಸಿಯಾಗಿತ್ತು, ಟೀಚರ್ ಅದನ್ನು ಕೆಳಗಿಡಲಿಲ್ಲ. ಸೊಸೆ ಒದ್ದೆ ಕೈಯನ್ನು ಒರೆಸಿಕೊಂಡು, ಮೊಬೈಲು ತೆಗೆದು, ಇನ್ನೊಂದು ಕೈ ಚಾಚಿದಳು.

“ಆ ಪುಟ ಒಂದ್ಸಲ ಕೊಡಿ ಟೀಚರ್. ಫೋಟೋ ತೆಗೆದು ನಮ್ಮಪ್ಪನಿಗೆ ಕಳಿಸ್ತೀನಿ. ತುಂಬಾ ಖುಷಿಪಡ್ತಾರೆ.”

ಟೀಚರ್ ಟೈಲರಮ್ಮನ ಕಡೆ ತಿರುಗಿದರು. ಅವಳು ಇವರನ್ನು ನೋಡುತ್ತಿರಲಿಲ್ಲ. ಸೂಜಿಯ ಕೆಳಗಿನ ಬಟ್ಟೆಯನ್ನು ಹಿಡಿದುಕೊಂಡಿದ್ದಳು, ಹೊಲಿಯುತ್ತಿರಲಿಲ್ಲ. ಕಾಲು ಪೆಡಲಿನ ಮೇಲೆ ಅಲ್ಲಾಡದೆ ನಿಂತಿತ್ತು. ಈಗ ಏನಾದರೊಂದು ಸುಳ್ಳು ಹೇಳಬೇಕು, ಬೇಗ ಹೇಳಬೇಕು, ತಡವರಿಸಬಾರದು. ಈ ಜಗತ್ತಿನಲ್ಲಿ ಆ ಹೆಂಗಸು ತಮ್ಮಿಂದ ಬಯಸುತ್ತಿದ್ದದ್ದು ಅದೊಂದೇ ಎಂದು ಟೀಚರಿಗೆ ತಿಳಿಯಿತು. ಅವರು ಬಾಯಿ ತೆರೆದರು. ಒಂದು ಮಾತೂ ಬರಲಿಲ್ಲ. ಸೊಸೆ ನಗುತ್ತಲೇ ಇನ್ನೊಂದು ಹೆಜ್ಜೆ ಹತ್ತಿರ ಬಂದು, ಚೀಲದಿಂದ ಹೊರಗುಳಿದಿದ್ದ ಪುಸ್ತಕದ ಮೂಲೆಯನ್ನು ಎರಡು ಬೆರಳಿನಲ್ಲಿ ಹಿಡಿದುಕೊಂಡಳು.